ಗೀರಿಲ್ಲದ ಕನ್ನಡಕ

"ಒಂದೇ ಒಂದು ಗೀರು ಬೀಳದ ಹಾಗೆ ನೋಡ್ಕೋತೀನಿ ಕಣಮ್ಮ, ನನ್ನಾಣೆ" ಎಂದು ಬಹಳ ಹಿಂದೆ, ಕಣ್ಣಾಸ್ಪತ್ರೆಯ ವ್ಯಾನು ಮೊದಲ ಸಲ ಊರಿಗೆ ಬಂದಾಗ, ಚಾಪೆ ಹೆಣೆಯುವ ಅಜ್ಜಿ ನರ್ಸಮ್ಮನಿಗೆ ಮಾತು ಕೊಟ್ಟಿದ್ದಳು. ಮೊಮ್ಮಗಳು ಗುಬ್ಬಿಗೆ ಆಗ ಐದು ವರ್ಷ. ಅವಳಿಗೆ ಪುಕ್ಕಟೆ ಸಿಕ್ಕ ಕನ್ನಡಕ. ಒಡೆದರೆ ಹೆಣಿಗೆ ಬಿಟ್ಟು, ಎರಡು ಬಸ್ಸು ಬದಲಿಸಿ ಪಟ್ಟಣಕ್ಕೆ ಹೋಗಬೇಕು.

ಅಜ್ಜಿ ಅದನ್ನು ಕಣ್ಣನ್ನು ರೆಪ್ಪೆ ಕಾಯುವ ಹಾಗೆ ಕಾಯ್ದಳು. ಗುಬ್ಬಿ ಕೂಸಾಗಿದ್ದಾಗಿನ ಅಂಗಿಯಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಸೇರಿಸಿ, ಬೀಗ ಜಡಿದಳು.

ಮರುವರ್ಷ ವ್ಯಾನು ಬಂತು. ಶಾಲೆಯ ಜಗಲಿಯಲ್ಲಿ ನರ್ಸಮ್ಮ ಕನ್ನಡಕವನ್ನು ಬೆಳಕಿಗೆ ಹಿಡಿದಳು.

"ಅಬ್ಬಾ, ಇವತ್ತೇ ಅಂಗಡಿಯಿಂದ ತಂದ ಹಾಗಿದೆ!"

"ಮತ್ತೆ? ಪೆಟ್ಟಿಗೆ ಬಿಟ್ಟು ಹೊರಗೆ ಬಂದಿದ್ರೆ ತಾನೆ!" ಅಜ್ಜಿ ಬೀಗಿದಳು.

ನರ್ಸಮ್ಮನ ನಗು ಅಲ್ಲೇ ನಿಂತಿತು. ಗುಬ್ಬಿಗೆ ಕನ್ನಡಕ ಹಾಕಿ, "ಗೋಡೆ ಮೇಲೆ ಏನಿದೆ ಪುಟ್ಟಾ?" ಎಂದಳು.

"ಮೇಲೊಂದು ದೊಡ್ಡ ಅಕ್ಷರ. ಕೆಳಗೆಲ್ಲ ಬರೀ ಮಸಿ."

"ಅಜ್ಜಿ, ಕಣ್ಣು ನೋಡೋದು ಕಲಿಯೋದೇ ಈ ವಯಸ್ಸಲ್ಲಿ. ಈಗ ಕಲೀದಿದ್ರೆ ಆಮೇಲೆ ಎಂಥ ಕನ್ನಡಕ ಹಾಕಿದ್ರೂ ಕಷ್ಟ. ಹೀಗೇ ಜೋಪಾನ ಮಾಡಿದ್ರೆ ಕನ್ನಡಕ ಉಳಿಯುತ್ತೆ, ಕಣ್ಣು ಉಳಿಯಲ್ಲ."

ಅಜ್ಜಿ ಗುಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೊತ್ತು ಮೀರಿಹೋಯ್ತಾ ತಾಯಿ?"

"ಇನ್ನೂ ಇಲ್ಲ. ಎದ್ದಾಗಿಂದ ಮಲಗೋವರೆಗೂ ಮೂಗಿನ ಮೇಲೇ ಇರಲಿ."

"ಬಿದ್ರೆ?"

"ಬೀಳಲಿ ಬಿಡಿ. ಒಡೆದ್ರೆ ಹೇಳಿಕಳ್ಸಿ, ನಾನೇ ತರ್ತೀನಿ."

ಅಂದಿನಿಂದ ಅಜ್ಜಿಯ ಜೀವ ಅಂಗೈಯಲ್ಲಿ. ಗುಬ್ಬಿ ಓಡಿದರೆ "ಮೆಲ್ಲಗೇ!", ಬಗ್ಗಿದರೆ "ಅಯ್ಯೋ!". ಮೇಕೆಮರಿ ಗಾಜು ನೆಕ್ಕಿತು. ಗುಬ್ಬಿ ಅದನ್ನು ಮಣ್ಣಾದ ಲಂಗಕ್ಕೇ ತಿಕ್ಕಿ ಒರೆಸಿದಳು. ಅಜ್ಜಿಯ ಕೈ ಎಷ್ಟೋ ಸಲ ಟ್ರಂಕಿನ ಬೀಗದವರೆಗೆ ಹೋಗಿ ಹಿಂದೆ ಬಂತು. ಗುಬ್ಬಿ ಪೇರಲೆ ಮರದಿಂದ ಬಿದ್ದು ಕನ್ನಡಕದ ಒಂದು ಕಡ್ಡಿ ಮುರಿದಾಗ, ಅಜ್ಜಿ ಅದನ್ನು ಚಾಪೆಯ ದಾರದಲ್ಲಿ ಬಿಗಿದು ಕಟ್ಟಿ ಮತ್ತೆ ಮೂಗಿಗೇರಿಸಿದಳು.

ಗುಬ್ಬಿ ಅವಳ ಮುಖವನ್ನೇ ದಿಟ್ಟಿಸಿದಳು. "ಅಜ್ಜೀ, ನಿನ್ನ ಗದ್ದದ ಮೇಲೆ ಮೀಸೆ ಇದೆ!"

"ನಿನ್ನ ಕಣ್ಣಿಗೆ ಬೇರೇನೂ ಕಾಣ್ಲಿಲ್ವೇನೇ ಮೂದೇವಿ?" ಎಂದು ಗದರಿದವಳು, ಒಳಗೆ ಹೋಗಿ ಗದ್ದ ಸವರಿಕೊಂಡು ಒಬ್ಬಳೇ ನಕ್ಕಳು.

ಮುಂದಿನ ವರ್ಷ ಜಗಲಿಯಲ್ಲಿ ಗುಬ್ಬಿ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲೊಂದನ್ನು ಬಿಟ್ಟು ಗಡಗಡನೆ ಓದಿದಳು. ನರ್ಸಮ್ಮ ಕನ್ನಡಕವನ್ನು ಬೆಳಕಿಗೆ ಹಿಡಿದಳು.

"ಏನಜ್ಜಿ ಇದು, ಗೀರೋ ಗೀರು!"

"ಎಣಿಸ್ಬೇಡ ಕಣಮ್ಮ" ಎಂದಳು ಅಜ್ಜಿ.

ಕೊಟ್ಟ ಮಾತಿಗೆ ಅವಳು ತಪ್ಪಿದ್ದಳು.