ಕೈಯ ಬಿಸಿ

ಕೈ ಮತ್ತೆ ಒದ್ದೆಯಾಗಿತ್ತು. ಕೃಪಾಕರ ಅದನ್ನು ಪ್ಯಾಂಟಿನ ಹಿಂಬದಿಗೆ ಒರೆಸಿಕೊಂಡು ಪ್ರಾರ್ಥನಾ ಮಂದಿರದ ಬಾಗಿಲಲ್ಲೇ ನಿಂತ. ಒಳಗೆ ಹಾಡು ನಡೆದಿತ್ತು. ಬಲಸಮುದ್ರದ ಬೇಸಿಗೆಯಲ್ಲಿ ಈ ಹೊತ್ತಿಗೆ ಊರಿನ ನೆಲ, ಗೋಡೆ, ಬೈಕಿನ ಸೀಟು, ಕೊಡದ ನೀರು ಎಲ್ಲವೂ ಕಾದಿರುತ್ತದೆ. ಇವನ ಅಂಗೈ ಮಾತ್ರ ತಣ್ಣಗೆ, ಜಿಗುಟಾಗಿತ್ತು.

ಚಿಕ್ಕಂದಿನಿಂದಲೂ ಹಾಗೇ. ಪರೀಕ್ಷೆಯ ಹಾಳೆಯಲ್ಲಿ ಶಾಯಿ ಕದಡುತ್ತಿತ್ತು. ಈಗ ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವಾಗ ಸೀಮೆಸುಣ್ಣ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕೈಕುಲುಕಿದವರು ಆಮೇಲೆ ಗೊತ್ತಾಗದ ಹಾಗೆ ತಮ್ಮ ಕೈ ಒರೆಸಿಕೊಳ್ಳುತ್ತಾರೆ, ಇವನಿಗೆ ಗೊತ್ತಾಗುತ್ತದೆ. ಈ ಸಭೆಯ ಪಾಸ್ಟರಾದ ಅಪ್ಪ ಸಮಾಧಾನಂ ಅಯ್ಯಗಾರರ ಕೈ ಬಿಸಿ ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಗದೇ ಇದ್ದಿದ್ದರೆ ಇದೇನು ದೊಡ್ಡ ವಿಷಯವಾಗುತ್ತಿರಲಿಲ್ಲ.

ಅಯ್ಯಗಾರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಬಿಸಿ ಅಂಗಾಲಿನವರೆಗೂ ಇಳಿಯುತ್ತದೆ ಎನ್ನುತ್ತಿದ್ದರು. ಆ ಬಿಸಿಯನ್ನು ನಂಬಿ ಜನ ಬಂದರು, ಸಭೆ ಬೆಳೆಯಿತು. ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಆ ಬಲಗೈ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಇನ್ನು ಹೊಸ ತಲೆಮಾರಿನವರು ಮುಂದೆ ಬರಬೇಕು, ಓದಿದವರು ಬರಬೇಕು ಎಂದು ಸಭೆಯವರೆಲ್ಲ ತೀರ್ಮಾನಿಸಿದರು. ಓದಿದವನೆಂದು ಇದ್ದವನು ಇವನೊಬ್ಬನೇ. ಇವತ್ತು ಮೊದಲ ಸಲ ಅವನು ಜನರ ತಲೆಯ ಮೇಲೆ ಕೈಯಿಡಬೇಕು.

"ಬಾಗಿಲಾಗೇ ನಿಂತ್ಕಂಡ್ರೆ ಹೆಂಗಪ್ಪಾ?" ಸಭೆಯ ಹಿರಿಯ ಯೋಸೇಪಪ್ಪ ಹತ್ತಿರ ಬಂದ.

"ಬಂದೆ. ಪ್ರಸಂಗ ಒಂದ್ಸಲ ನೋಡ್ಕೊತಿದ್ದೆ."

"ಪ್ರಸಂಗ ಬುಡು, ಓದಿರೋನು ನೀನು." ಯೋಸೇಪಪ್ಪನ ಕಣ್ಣು ಇವನ ಕೈಯ ಮೇಲಿತ್ತು. "ಮುನಿಯಮ್ಮ ಬಂದವ್ಳೆ, ನಿಮ್ಮಪ್ಪನ ಕೈ ಬಿಸಿ ಬಲ್ಲ ಮುದುಕಿ. ಮೊದ್ಲು ಅವಳ ತಲೆ ಮ್ಯಾಲೆ ಇಡ್ಲಿ ಅಂತ ಕಾಯ್ತಾವ್ರೆ. ಅವಳು ಹೂಂ ಅಂದ್ರೆ ಮುಗೀತು."

"ಅನ್ನದಿದ್ರೆ?"

"ಹಿಂದೂಪುರದಾಗೆ ಒಬ್ರು ಪಾಸ್ಟರು ಅವ್ರಂತೆ." ಯೋಸೇಪಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ಮಾತಾಡಿ ಇಟ್ಟಿದೀವಿ. ಬಂದೋರಿಗೆ ಮನೆ ಬೇಕಾಗ್ತದೆ ಅಲ್ವಾ."

ಮನೆ ಎಂದರೆ ಮಂದಿರದ ಹಿಂಬದಿಯದು. ಅಪ್ಪ ಮಲಗುವ ಮಂಚ ಇರುವುದು ಅಲ್ಲಿ, ಅಮ್ಮನ ಒಲೆ ಇರುವುದು ಅಲ್ಲಿ.

ಪ್ರಸಂಗ ಚೆನ್ನಾಗಿಯೇ ಆಯಿತು. ಸರಿಯಾದ ಜಾಗದಲ್ಲಿ ಅವನ ದನಿ ತಾನಾಗಿ ಒಡೆಯಿತು. ಮುಂದೆ ಕೂತ ಮುದುಕನೊಬ್ಬ ಅಳತೊಡಗಿದ. ಆ ಮುದುಕನಿಗೆ ಏನು ಕೇಳಿಸಿರಬಹುದು ಎಂದು ಕೃಪಾಕರ ಮಾತಾಡುತ್ತಲೇ ಅಚ್ಚರಿಪಟ್ಟ. ಕಿಟಕಿಯಾಚೆ ಸೋಲಾರ್ ಫಲಕಗಳು ಸಾಲುಸಾಲಾಗಿ ಮುಖವೆತ್ತಿ ಬಿಸಿಲು ಕುಡಿಯುತ್ತಿದ್ದವು. ದೇವರು ಇದ್ದಾನೆಯೇ ಎಂಬ ಪ್ರಶ್ನೆ ಅವನನ್ನು ಎಂದೂ ಅಷ್ಟಾಗಿ ಕಾಡಿರಲಿಲ್ಲ. ಇದ್ದರೂ ಆತನಿಗೆ ತನ್ನ ಪರಿಚಯ ಇಲ್ಲ ಎನ್ನುವುದೇ ಅವನ ಸಂಕಟವಾಗಿತ್ತು.

ಪ್ರಸಂಗ ಮುಗಿದು ಹಾಡು ಶುರುವಾದಾಗ ಅಮ್ಮ ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದಳು. ಅಪ್ಪನಿಗೂ ಈ ಹೊತ್ತಿಗೇ ತರುತ್ತಿದ್ದಳು.

"ಗಂಟ್ಲಿಗೆ. ಹಿಡ್ಕ."

ಕುಡಿಯಲಾಗದಷ್ಟು ಸುಡುತ್ತಿತ್ತು. ಹಾಡು ಮುಗಿಯುವವರೆಗೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಮುನಿಯಮ್ಮ ಎದ್ದು ಬರುವುದು ಕಂಡಾಗ ಅದನ್ನು ಗಾಬರಿಯಿಂದ ಹಿಂದಿನ ಕಿಟಕಿಯ ಕಟ್ಟೆಯ ಮೇಲಿಟ್ಟ.

ಮುನಿಯಮ್ಮ ಮಂಡಿ ಹಿಡಿದುಕೊಂಡು ಕೂತಳು. ಸೆರಗು ಸರಿಸಿ ನರೆತ ತಲೆ ಬಗ್ಗಿಸಿದಳು. "ಏನಪ್ಪಾ ಕೃಪಾ, ಇಡು ನೋಡಾನ."

ಇಟ್ಟ. ಮಂದಿರದಲ್ಲಿ ಯಾರೂ ಕೆಮ್ಮಲಿಲ್ಲ. ಪ್ರಾರ್ಥನೆಯ ಮಾತುಗಳು ಅವನ ಬಾಯಿಂದ ಹೊರಟವು; ಕಿವಿ ಮಾತ್ರ ಅಂಗೈಯಡಿಯ ಆ ಪುಟ್ಟ ತಲೆ ಏನನ್ನುತ್ತದೋ ಎಂದು ಕಾಯುತ್ತಿತ್ತು.

"ಐತೆ," ಎಂದಳು ಮುನಿಯಮ್ಮ. ಆಮೇಲೆ ಜೋರಾಗಿ, "ಬಿಸಿ ಐತೆ ಕಣ್ರೋ! ಅದೇ ಬಿಸಿ!"

ಮಂದಿರವೆಲ್ಲ ಸ್ತೋತ್ರಂ, ಸ್ತೋತ್ರಂ ಎಂದಿತು. ಮುನಿಯಮ್ಮ ಎದ್ದು, ಕಣ್ಣೊರೆಸಿಕೊಂಡು ಅವನಿಗೆ ಕೈಮುಗಿದಳು. "ವಂದನಾಲು ಅಯ್ಯಗಾರೂ." ತೊಡೆಯ ಮೇಲೆ ಕೂರಿಸಿಕೊಂಡು ಅವನಿಗೆ ಮುದ್ದೆ ತಿನ್ನಿಸಿದವಳು.

ಕೃಪಾಕರನಿಗೆ ತುಂಬ ಖುಷಿಯಾಯಿತು. ಇಷ್ಟು ವರ್ಷ ಎಲ್ಲಿತ್ತು ಇದು ಎಂದುಕೊಂಡು ಅಂಗೈ ತಿರುಗಿಸಿ ನೋಡಿದ. ಕೆಂಪಗಿತ್ತು. ಲೋಟದ ಅಂಚಿನ ಗುರುತು ಅರ್ಧಚಂದ್ರದ ಹಾಗೆ ಮೂಡಿತ್ತು.

ಬಿಸಿ ಇರುವಲ್ಲಿಂದ ಇಲ್ಲದಲ್ಲಿಗೆ ಹರಿಯುತ್ತದೆ. ಇದನ್ನು ಅವನು ಪ್ರತಿ ವರ್ಷ ಪಾಠ ಮಾಡುತ್ತಾನೆ, ಮಕ್ಕಳು ಆಕಳಿಸುತ್ತಾರೆ.

ಜನ ಆಗಲೇ ಸಾಲು ಕಟ್ಟುತ್ತಿದ್ದರು. ಅವನು ಬಾಯಿ ತೆರೆದ. ಪಕ್ಕದಲ್ಲಿದ್ದ ಯೋಸೇಪಪ್ಪ ಬಗ್ಗಿ ಕಿವಿಗೊಟ್ಟ. "ಏನಾರ ಹೇಳ್ತೀಯ... ಹೇಳ್ತೀರಾ ಅಯ್ಯಗಾರೂ?"

"ಏನಿಲ್ಲ."

ಮುನಿಯಮ್ಮನ ಹಿಂದಿದ್ದ ಒಂದಿಬ್ಬರಿಗೂ ಬಿಸಿ ಸಿಕ್ಕಿತು. ಆಮೇಲೆ ಬಂದ ಹೆಂಗಸು ತಲೆಯೆತ್ತಿ ಅವನನ್ನು ನೋಡಿದಳು, ಏನೋ ಕಡಿಮೆ ಸಿಕ್ಕವಳ ಹಾಗೆ. ಅವನು ತಿರುಗಿ ನೋಡಿದರೆ ಕಟ್ಟೆಯ ಮೇಲೆ ಲೋಟವಿರಲಿಲ್ಲ. ಅಮ್ಮ ಅದನ್ನು ಸೆರಗಿನಲ್ಲಿ ಹಿಡಿದು ಹಿಂದಿನ ಬಾಗಿಲಿಂದ ಬರುತ್ತಿದ್ದಳು. ಹಬೆಯಾಡುತ್ತಿತ್ತು. ತಾ ಎಂದು ಯಾರೂ ಹೇಳಿರಲಿಲ್ಲ.

ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

"ಅಮ್ಮಾ, ಅಪ್ಪ ಇದನ್ನ ಕುಡೀತಿದ್ರಾ?"

"ಗಂಟ್ಲಿಗೆ ಕಣಪ್ಪಾ ಅದು."

"ಕುಡೀತಿದ್ರಾ?"

ಅಮ್ಮ ಸಾಲಿನ ಕಡೆ ನೋಡಿದಳು. "ಜನ ಕಾಯ್ತಾವ್ರೆ."

ಅಪ್ಪ ಲೋಟವನ್ನು ತುಟಿಗಿಟ್ಟದ್ದು ಅವನಿಗೆ ನೆನಪಾಗಲಿಲ್ಲ. ಹಿಡಿದು ನಿಂತದ್ದಷ್ಟೇ ನೆನಪಿತ್ತು, ಹಾಡು ಮುಗಿಯುವವರೆಗೂ, ಕಣ್ಣು ಮುಚ್ಚಿಕೊಂಡು. ಆಗೆಲ್ಲ ಅದು ಪ್ರಾರ್ಥನೆಯ ಹಾಗೇ ಕಾಣುತ್ತಿತ್ತು. ಪ್ರಾರ್ಥನೆಯೇ ಆಗಿದ್ದರೂ ಆಗಿದ್ದೀತು.

ಸಾಲು ಸರಿಯಿತು. ಯೋಸೇಪಪ್ಪ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದ. ಕುರ್ಚಿಯಲ್ಲಿ ಅಪ್ಪ ಕೂತಿದ್ದರು.

ಅಪ್ಪ ತಲೆ ಬಗ್ಗಿಸಲಿಲ್ಲ. ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಮಗನ ಮುಂದೆ ತೊಡೆಯ ಮೇಲಿಟ್ಟರು, ಯಾರದೋ ಸಾಮಾನು ಒಪ್ಪಿಸುವ ಹಾಗೆ. ನೆಟ್ಟ ಕಣ್ಣಿಂದ ಇವನನ್ನೇ ನೋಡಿದರು.

ಕೃಪಾಕರ ಲೋಟ ಕೆಳಗಿಟ್ಟು, ಮಂಡಿಯೂರಿ ತನ್ನೆರಡೂ ಕೆಂಪು ಅಂಗೈಗಳ ನಡುವೆ ಆ ಕೈಯನ್ನು ಹಿಡಿದುಕೊಂಡ. ಅದು ಅವನ ಕೈಗಿಂತಲೂ ತಣ್ಣಗಿತ್ತು.

"ಗೊತ್ತಾಗ್ತೈತಾ ಅಪ್ಪಾ?"

ಅಪ್ಪನ ಬಾಯಿ ಒಂದು ಕಡೆಗೆ ಎಳೆಯಿತು. ನಗುವೋ, ಲಕ್ವದ ಎಳೆತವೋ ಹೇಳುವುದು ಕಷ್ಟವಿತ್ತು. ಗಂಟಲಿಂದ ಒಂದು ಸದ್ದು ಬಂತು. ಹಿಂದೆ ನಿಂತವರು ಅದನ್ನು ಸ್ತೋತ್ರಂ ಎಂದು ಕೇಳಿಸಿಕೊಂಡು ತಾವೂ ಸ್ತೋತ್ರಂ ಎಂದರು.

ಅವನು ಬಿಡಲಿಲ್ಲ. ಬಿಸಿ ತನ್ನಿಂದ ಇಳಿದು, ಬಿಸಿಯೋ ತಣ್ಣಗೋ ಯಾವುದೂ ತಿಳಿಯದ ಆ ಕೈಯೊಳಕ್ಕೆ ಹೋಗಿ ಮುಗಿಯುವುದು ಅವನಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಅಂಗೈ ಮತ್ತೆ ಒದ್ದೆಯಾಯಿತು. ಬಾಗಿಲಲ್ಲಿ ಸುದ್ದಿ ತಿಳಿದ ಇನ್ನಷ್ಟು ಜನ ಚಪ್ಪಲಿ ಬಿಡುತ್ತಿದ್ದರು. ಹಿಂದಿನ ಮನೆಯಲ್ಲಿ ಅಮ್ಮ ಒಲೆಗೆ ಸೌದೆ ಮುರಿದು ಹಾಕುವ ಸದ್ದು ಕೇಳಿಸಿತು.