ಇಂದೂಬಾಯಿಯ ಹಿಂದೆ ಒಂದು ಸೈಕಲ್

ಎಪ್ಪತ್ತರ ಹೊಸ್ತಿಲಲ್ಲಿರುವ ಮನುಷ್ಯನಿಗೆ ಹೊಸ ಸೈಕಲ್ ಯಾಕೆ ಬೇಕು ಎಂದು ಕೇಳುವವರಿಗೇನು, ಬಾಯಿದೆ, ಕೇಳುತ್ತಾರೆ. ಪುಣೆಯ ಪಕ್ಕದ ಚಿಂಚವಾಡದ ಮಧುಕರರಾಯರು ಯಾರಿಗೂ ನಿಜ ಹೇಳುತ್ತಿರಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎಂದು ಒಬ್ಬರಿಗೆ, ಪೆಟ್ರೋಲು ತುಟ್ಟಿಯಾಗಿದೆ ಎಂದು ಇನ್ನೊಬ್ಬರಿಗೆ ಹೇಳಿ ಸಾಗಹಾಕುತ್ತಿದ್ದರು. ನಿಜವೆಂದರೆ ಅವರಿಗೆ ಸೈಕಲ್ ಬೇಕಾಗಿದ್ದದ್ದು ಹೆಂಡತಿಯನ್ನು ಹಿಡಿಯಲಿಕ್ಕೆ.

ಇಂದೂಬಾಯಿಗೆ ಮರೆವು ಹತ್ತಿ ಎರಡು ವರ್ಷವಾಗಿತ್ತು. ಮೊದಲು ಹೋದದ್ದು ಮರಾಠಿ. ಧಾರವಾಡದಿಂದ ಮದುವೆಯಾಗಿ ಬಂದು, ಇಲ್ಲಿನ ಕಾಯಿಪಲ್ಲೆಯವರ ಜೊತೆ ಮರಾಠಿಯಲ್ಲೇ ಜಗಳ ಕಾದು ಗೆದ್ದ ಹೆಂಗಸು ಅವರು. ಈಗ ಯಾರಾದರೂ ಮರಾಠಿಯಲ್ಲಿ ಮಾತಾಡಿಸಿದರೆ ಮುಖ ಮುಖ ನೋಡುತ್ತಿದ್ದರು. ಆಮೇಲೆ ಮನೆಯಿಂದ ಹೊರಬೀಳುವುದು ಶುರುವಾಯಿತು. ಬಾಗಿಲು ತೆರೆದಿದ್ದರೆ ಸಾಕು, ಸೆರಗು ಸರಿಮಾಡಿಕೊಂಡು ಹೊರಟೇಬಿಡುವರು. ನಡಿಗೆಯೋ, ಹರೆಯದವರಿಗೂ ಸಿಕ್ಕದಂಥದು. ಎಲ್ಲಿಗೆ ಎಂದು ಕೇಳಿದರೆ ಮನೆಗೆ ಎನ್ನುವರು. ರಾಯರು ಒಮ್ಮೆ ಹೊರಗಿನಿಂದ ಕೀಲಿ ಹಾಕಿ ಹಾಲು ತರಲು ಹೋಗಿದ್ದರು. ಬರುವಷ್ಟರಲ್ಲಿ ಬಾಗಿಲು ಬಡಿದೂ ಬಡಿದೂ ಆಕೆಯ ಅಂಗೈಗಳು ಬಾತುಹೋಗಿದ್ದವು. ಅವತ್ತಿನಿಂದ ರಾಯರು ಆ ಕೀಲಿ ಮುಟ್ಟಲಿಲ್ಲ.

ಬದಲಿಗೆ ಕಾರಖಾನೆಗೆ ಹೋಗುತ್ತಿದ್ದ ಕಾಲದ ಕರಿಯ ಸೈಕಲ್ ಏರುತ್ತಿದ್ದರು. ಕಾರು ನುಗ್ಗದ ಓಣಿಗಳಲ್ಲೆಲ್ಲ ಹುಡುಕಿ ಹೆಂಡತಿಯನ್ನು ಪತ್ತೆಹಚ್ಚುತ್ತಿದ್ದರು. ಇಂದೂಬಾಯಿ ದೂರದಿಂದಲೇ ಕಂಡು ನಿಲ್ಲುವರು, ಇಷ್ಟು ತಡ ಯಾಕೆ ಎಂದು ಗದರುವರು, ಕ್ಯಾರಿಯರಿನ ಮೇಲೆ ಮಗ್ಗಲಾಗಿ ಕೂತುಬಿಡುವರು. ಮುದುಕ ಮುದುಕಿಯ ಆ ಸವಾರಿ ನೋಡಿ ಬೀದಿಯ ಜನ ನಕ್ಕರೆ ರಾಯರಿಗೆ ಒಳಗೊಳಗೇ ಹಿಗ್ಗು.

ಆದರೆ ಟೊಂಕ ಕೇಳಬೇಕಲ್ಲ. ಹೋದ ತಿಂಗಳು ಒಂದು ದಿನ ಸೈಕಲ್ಲಿನ ಅಡ್ಡಕಂಬಿ ದಾಟಿಸಲು ಕಾಲು ಎತ್ತಿದರೆ ಕಾಲು ಏಳಲೇ ಇಲ್ಲ. ಗೋಡೆ ಹಿಡಿದು, ಸೈಕಲ್ ಒರಗಿಸಿ, ಹೇಗೋ ಹತ್ತಿ ಹೋಗುವಷ್ಟರಲ್ಲಿ ಇಂದೂಬಾಯಿ ಹೆದ್ದಾರಿಯ ಅಂಚಿಗೆ ತಲುಪಿದ್ದರು. ಲಾರಿಯೊಂದು ಸೆರಗು ಹಾರಿಸಿಕೊಂಡು ಹೋಯಿತು. ರಾಯರ ಜೀವ ಬಾಯಿಗೆ ಬಂತು.

ಪಕ್ಕದ ಮನೆಯ ಹರಿಣಾಕ್ಷಿ ಈ ಸುದ್ದಿಯನ್ನು ಹತ್ತಿರದ ವಾಕಡದಲ್ಲಿದ್ದ ಮಗಳು ಅನುಜಾಳಿಗೆ ಮುಟ್ಟಿಸಿದಳು. ಅನುಜಾ ಬಂದವಳು ಕೂಗಾಡಲಿಲ್ಲ. ಇಂಥವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯನ್ನು ಆಗಲೇ ನೋಡಿ ಬಂದಿದ್ದಳು.

"ಅಪ್ಪಾ, ಇನ್ನೊಮ್ಮೆ ನಿಮ್ಮ ಕೈ ತಪ್ಪಿದ್ರ ಅವ್ವನ್ನ ಅಲ್ಲೇ ಇಡೋದು. ಆಮ್ಯಾಲೆ ನಾ ನಿಮ್ಮನ್ನ ಕೇಳಂಗಿಲ್ಲ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ರಾಯರು ಮಾರನೆಯ ದಿನವೇ ಹೆಂಡತಿಯನ್ನು ಹರಿಣಾಕ್ಷಿಯ ಕೈಗೊಪ್ಪಿಸಿ ಪುಣೆಯ ಕ್ಯಾಂಪ್ ಪೇಟೆಯ ಹಳೆಯದೊಂದು ಸೈಕಲ್ ಅಂಗಡಿಗೆ ಹೋದರು. ಅಂಗಡಿಯ ಸ್ವಪ್ನಿಲ್ ಮೊದಲು ಒಂದು ರೇಸಿನ ಸೈಕಲ್ ತೋರಿಸಿದ. ಅದರ ಹ್ಯಾಂಡಲ್ ಹಿಡಿದರೆ ನಮಸ್ಕಾರ ಮಾಡುವವರ ಹಾಗೆ ಬಗ್ಗಬೇಕು. ರಾಯರು ಬಗ್ಗಿದರು, ಏಳುವಾಗ ದೇವರು ಕಂಡ. ಎರಡನೆಯದಕ್ಕೆ ಸೋಫಾದಂಥ ಸೀಟು, ಕೂತರೆ ಸ್ವರ್ಗ. ತುಳಿದರೆ ಮಾತ್ರ ಎಮ್ಮೆ ಕೆಸರಿನಿಂದ ಎದ್ದು ಬಂದಂತೆ. ಮೆತ್ತಗೂ ಇರಬೇಕು, ಜೋರಾಗಿಯೂ ಓಡಬೇಕು ಎಂದರೆ ಎರಡೂ ಒಂದರಲ್ಲಿ ಸಿಗುವುದು ಕಷ್ಟ ಎಂದ ಸ್ವಪ್ನಿಲ್. ಅಷ್ಟಕ್ಕೂ ಈ ವಯಸ್ಸಿನಲ್ಲಿ ಜೋರು ಯಾಕೆ ಅಜ್ಜ ಎಂದು ಮರಾಠಿಯಲ್ಲಿ ನಕ್ಕ. ಮನೆಯವರ ಜೊತೆ ತಿರುಗಾಡಲಿಕ್ಕೆ ಎಂದರು ರಾಯರು.

ಕೊನೆಗೆ ಸಿಕ್ಕಿತು. ಅಡ್ಡಕಂಬಿ ಕೆಳಕ್ಕೆ ಬಾಗಿದ್ದು, ಕಾಲು ಎತ್ತದೆಯೇ ನಡುವಿನಿಂದ ದಾಟಿಸಬಹುದಾಗಿತ್ತು. ಹ್ಯಾಂಡಲ್ ಎತ್ತರ, ಟೈರು ತೆಳು, ಗೇರು ಸುಲಭ. ಹೆಂಗಸರ ಸೈಕಲ್ ಅಲ್ಲವೇ ಎಂಬ ಅಳುಕು ಒಂದು ಗಳಿಗೆ ಕಾಡಿತು. ಹೆದ್ದಾರಿ ನೆನಪಾದದ್ದೇ ಅಳುಕು ಓಡಿಹೋಯಿತು. ಓಣಿಯಲ್ಲಿ ಒಂದು ಸುತ್ತು ಹೊಡೆದರೆ ಟೊಂಕ ಸುಮ್ಮನಿತ್ತು, ಸೈಕಲ್ ಹಾರುತ್ತಿತ್ತು. ಕರಿಯ ಸೈಕಲ್ ಗುಜರಿಗೆ ಹೋಯಿತು. ಅನುಜಾ ತನ್ನ ಪಾಲಿನದೆಂದು ಒಂದು ಹೆಲ್ಮೆಟ್ ತಂದುಕೊಟ್ಟಳು.

ಒಂದು ವಾರ ಇಂದೂಬಾಯಿ ಎಲ್ಲಿಗೂ ಹೋಗಲಿಲ್ಲ. ಎಂಟನೆಯ ದಿನ ರಾಯರು ಸ್ನಾನ ಮುಗಿಸಿ ಬಂದರೆ ಬಾಗಿಲು ಹಾರುಹೊಡೆದಿತ್ತು.

ಹೊಸ ಸೈಕಲ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಹೆದ್ದಾರಿಗೆ ಇನ್ನೂ ಬಹಳ ಈಚೆ, ಬಸ್ ಸ್ಟಾಪಿನ ಬಳಿ ರಾಯರು ಆಕೆಯನ್ನು ಹಿಡಿದರು. ಗೆದ್ದೆ ಎಂದು ಮನಸ್ಸು ಕುಣಿಯಿತು. ಸಂಸ್ಥೆ ಬೇಡ, ಏನೂ ಬೇಡ, ಇನ್ನು ಎಲ್ಲಿಗೆ ಹೋದರೂ ಇವಳು ತನ್ನ ಕೈಯಳತೆಯಲ್ಲೇ. ಇಳಿದು ಅವಳ ತೋಳು ಹಿಡಿದು, ನಡೀ ಮನಿಗೆ ಎಂದರು.

ಇಂದೂಬಾಯಿ ತೋಳು ಕೊಸರಿಕೊಂಡರು.

"ಯಾರ್ರಿ ನೀವು? ಕೈ ಬಿಡ್ರಿ."

ಹೆಲ್ಮೆಟ್ಟಿನಿಂದ ಗುರುತು ಸಿಗಲಿಲ್ಲವೆಂದು ರಾಯರು ಅದನ್ನು ತೆಗೆದರು. ಕನ್ನಡಕವನ್ನೂ ತೆಗೆದರು. ಆಕೆ ಆ ಮುಖವನ್ನು ನೋಡಿದರು, ಸೈಕಲ್ಲನ್ನು ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು. ಹೂವಿನವಳೊಬ್ಬಳು, ಒಬ್ಬ ರಿಕ್ಷಾದವ ಹತ್ತಿರ ಬಂದರು. ಈ ಮನುಷ್ಯ ಯಾರು ಎಂದು ರಿಕ್ಷಾದವ ಆಕೆಯನ್ನು ಮರಾಠಿಯಲ್ಲಿ ಕೇಳಿದ. ಆಕೆಗೆ ತಿಳಿಯಲಿಲ್ಲ. ಗಂಡ ಎಂದು ರಾಯರೇ ಹೇಳಿದರು. ಹಾಗಾದರೆ ಗಂಡನ ಹೆಸರು ಆಕೆಯೇ ಹೇಳಲಿ ಎಂದ ರಿಕ್ಷಾದವ. ಆ ಪ್ರಶ್ನೆಯನ್ನೂ ರಾಯರೇ ಕನ್ನಡಕ್ಕೆ ತಿರುಗಿಸಿ ಕೇಳಬೇಕಾಯಿತು.

ಇಂದೂಬಾಯಿ ತಲೆ ತಗ್ಗಿಸಿದರು. "ಅವರ ಹೆಸರು ಹ್ಯಾಂಗ ಹೇಳೋದ್ರಿ" ಎಂದರು.

ಅವರ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಕಾಡಿ ಬೇಡಿ ಒಡಪಿನ ಪ್ರಾಸದ ಸಾಲಿನಲ್ಲಿ ಹೇಳಿಸಿದ್ದೇ ಮೊದಲು, ಅದೇ ಕೊನೆ. ಎಲ್ಲ ಮರೆತವಳು ಇದೊಂದನ್ನು ಮರೆತಿರಲಿಲ್ಲ. ರಾಯರು ಇದನ್ನೂ ಮರಾಠಿಯಲ್ಲಿ ವಿವರಿಸಿದರು. ರಿಕ್ಷಾದವನಿಗೆ ಅವರ ಮೇಲಿನ ಅನುಮಾನ ಹೆಚ್ಚೇ ಆಯಿತು, ಪೊಲೀಸರನ್ನು ಕರೆಯಲು ಫೋನು ತೆಗೆದ. ಪೊಲೀಸರೆಂದರೆ ಅನುಜಾಳಿಗೆ ಫೋನು, ಅನುಜಾಳಿಗೆ ಫೋನೆಂದರೆ ಸಂಸ್ಥೆ. ರಾಯರು ಹೆಂಡತಿಯ ಕಡೆ ತಿರುಗಿದರು.

"ನಿಮ್ಮನಿಯವರೇ ಕಳಿಸ್ಯಾರ್ರಿ, ಕರಕೊಂಡ ಬಾ ಅಂತ."

ಇಂದೂಬಾಯಿಯ ಮುಖ ಸಡಿಲಾಯಿತು. ನೀವು ನಮ್ಮ ಧಾರವಾಡ ಕಡೆಯವರೇನು ಎಂದು ಕೇಳಿದರು. ಹೌದೆಂದ ಮೇಲೆ ಹೊರಟರು, ಅದನ್ನು ಕಂಡು ರಿಕ್ಷಾದವನೂ ಫೋನು ಒಳಗಿಟ್ಟ.

ರಾಯರು ಸೈಕಲ್ ತಳ್ಳುತ್ತ ಮುಂದೆ, ಇಂದೂಬಾಯಿ ಪರಗಂಡಸಿನಿಂದ ಬಿಡಬೇಕಾದಷ್ಟು ದೂರ ಬಿಟ್ಟು ಹಿಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ರಾಯರು ದಾರಿಯುದ್ದಕ್ಕೂ ಸೈಕಲ್ಲನ್ನೇ ಬೈದುಕೊಂಡರು. ಕರಿಯದನ್ನು ಮಾರಬಾರದಿತ್ತು, ಅದನ್ನು ಕಂಡಿದ್ದರೆ ಗುರುತು ಹಿಡಿಯುತ್ತಿದ್ದಳು. ಸೈಕಲ್ಲಿನದೇ ತಪ್ಪೆಂದರೆ ಇನ್ನೊಂದು ತರಬಹುದು. ಅದರದಲ್ಲದಿದ್ದರೆ ಏನು ತರುವುದು? ಅಲ್ಲಿಗೆ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಸೈಕಲ್ಲನ್ನು ಬೈಯತೊಡಗುತ್ತಿದ್ದರು.

ಹಿಂದಿನಿಂದ ಇಂದೂಬಾಯಿ ಮಾತಾಡುತ್ತಲೇ ಇದ್ದರು.

"ಅವರ ಟೊಂಕ ಭಾಳ ನೋಯ್ತದ್ರಿ. ನನಗ ಹೇಳಂಗಿಲ್ಲ. ನಾ ಅತ್ತೇನಂತ ಹೇಳಂಗಿಲ್ಲ. ನನಗ ತಿಳಿಯೂದಿಲ್ಲೇನು? ನೀವಾದ್ರೂ ಹೇಳ್ರಿ ಅವರಿಗೆ, ಇನ್ನ ಸೈಕಲ್ ಸಾಕಂತ."

ಹೇಳುತ್ತೇನೆ ಎಂದರು ರಾಯರು. ಕಣ್ಣಿಗೆ ದಾರಿ ಕಾಣಿಸುತ್ತಿರಲಿಲ್ಲ.

ಮನೆ ಮುಟ್ಟಿದಾಗ ಇಂದೂಬಾಯಿ ಸರಸರನೆ ಮೆಟ್ಟಿಲು ಹತ್ತಿ ಒಳಗೆ ಹೋದರು. ರಾಯರು ಸೈಕಲ್ ನಿಲ್ಲಿಸಿ ಬರುವಷ್ಟರಲ್ಲಿ ಆಕೆ ಬಾಗಿಲಿಗೆ ಅಡ್ಡ ನಿಂತಿದ್ದರು. ಭಾಳ ಉಪಕಾರ ಆಯಿತು ಎಂದು ಕೈಮುಗಿದರು.

"ಆದ್ರ ಅವರು ಮನ್ಯಾಗ ಇಲ್ರಿ. ಅವರು ಬಂದ ಮ್ಯಾಲೆ ಬರ್ರಿ, ಚಹಾ ಕುಡದು ಹೋಗೀರಂತ."

ಬಾಗಿಲು ಮುಚ್ಚಿತು. ಒಳಗಿನ ಚಿಲಕ ಬಿತ್ತು. ರಾಯರು ಬಡಿಯಲು ಎತ್ತಿದ ಕೈಯನ್ನು ಇಳಿಸಿದರು. ಬಡಿದರೆ ಹೆದರಿಯಾಳು.

ಮೆಟ್ಟಿಲ ಮೇಲೆ ಕೂತಾಗ ಫೋನು ಬಂತು. ಅನುಜಾ. ಅವ್ವ ಹೊರಬಿದ್ದ ಸುದ್ದಿ ಹರಿಣಾಕ್ಷಿಯಿಂದ ಆಗಲೇ ಹೋಗಿತ್ತು. ಸಿಕ್ಕಳೇ, ಹುಷಾರಾಗಿದ್ದಾಳೆಯೇ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಸಿಕ್ಕಳು, ಮನೆಯಲ್ಲಿದ್ದಾಳೆ ಎಂದರು ರಾಯರು. ಮಗಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

"ಮತ್ತ ನೀವೆಲ್ಲಿದ್ದೀರಿ ಅಪ್ಪಾ?"

ರಾಯರು ಮುಚ್ಚಿದ ಬಾಗಿಲನ್ನು ನೋಡಿದರು.

"ನಾ ಇನ್ನೂ ದಾರ್ಯಾಗ ಇದ್ದೀನಿ" ಎಂದರು.