ಉಪ್ಪುಹಿಟ್ಟಿನ ಅಡ್ಡಿಕೆ

"ನಿಮ್ಮಮ್ಮನ ಕತ್ತಿನ ಚಿನ್ನದ ಗುಂಡಿನ ಅಡ್ಡಿಕೆ ಹೆಂಗಿದ್ಯೋ ಹಂಗೇ ಹಿಟ್ಟಲ್ಲಿ ಮಾಡೇ. ಗೊಂಬೆ ಮುಂದಿನ ಕಳಶಕ್ಕೆ ಹಾಕೋಣ," ಎಂದಳು ಶ್ಯಾಮಲಮ್ಮ.

ಮಲತಾಯಿ ತನ್ನ ತಾಯಿಯ ಮಾತೆತ್ತಿದ್ದು ಅದೇ ಮೊದಲು. ಹದಿನಾರರ ಆದಿಲಕ್ಷ್ಮಿ ಹಿಗ್ಗಿಹೋದಳು.

ಅದು ೧೯೩೯ರ ದಸರೆ. ಟೇಕಲ್ಲಿನ ಆ ಮನೆಯಲ್ಲಿ ಗೊಂಬೆಗಳ ಒಡವೆ ಮಾಡುವುದು ಮಕ್ಕಳ ಕೆಲಸ. ಗೋಧಿಹಿಟ್ಟಿಗೆ ಅದರ ಅರ್ಧದಷ್ಟು ಪುಡಿಯುಪ್ಪು ಬೆರೆಸಿ ಗಟ್ಟಿಯಾಗಿ ಕಲಸಿ, ಗುಂಡುಗಳನ್ನು ಬಿಸಿಲಲ್ಲಿ ಒಣಗಿಸಿ, ಮೇಲೆ ಚಿನ್ನದ ಬಣ್ಣದ ತೆಳು ಬೇಗಡೆ ಹಾಳೆ ಅಂಟಿಸಬೇಕು. ಶ್ಯಾಮಲಮ್ಮನ ಮಗ ಕದಿರೇಶ ಗುಂಡು ಉರುಳಿಸಿದ. ಅವನ ತಂಗಿ ಪೊರಕೆ ಕಡ್ಡಿಯಿಂದ ತೂತು ಮಾಡಿದಳು.

"ಅಕ್ಕಾ, ಒಂದು ಗುಂಡು ತಿಂದ್ಬಿಟ್ಟೆ!" ಎಂದ ಕದಿರೇಶ.

"ಥೂ, ಉಗಿಯೋ! ಬಾವಿ ನೀರೆಲ್ಲಾ ನಿಂಗೇ ಬೇಕಾಗುತ್ತೆ ಕಣೋ!"

ವಿಜಯದಶಮಿಯ ಮಧ್ಯಾಹ್ನ ಮುಳಬಾಗಿಲಿನಿಂದ ದೊಡ್ಡಗಂಗಮ್ಮ ತನ್ನ ಮಗನಿಗಾಗಿ ಹೆಣ್ಣು ನೋಡಲು ಬಂದಳು. ಹಿಂದಿನ ಎರಡು ಸಂಬಂಧಗಳು ಶ್ಯಾಮಲಮ್ಮನ ಬಾಯಿಂದಲೇ ಕೆಟ್ಟಿದ್ದವು. ಮದುವೆಯಾದರೆ ತಾಯಿಯ ಚಿನ್ನ ಹುಡುಗಿಯ ಜೊತೆ ಹೋಗುತ್ತದೆ. ಅದು ಅವಳಿಗೆ ಬೇಕಿರಲಿಲ್ಲ. ಆದಿಲಕ್ಷ್ಮಿಗೋ, ಆ ಹೊಸಿಲು ದಾಟಲು ಇದ್ದದ್ದು ಇದೊಂದೇ ದಾರಿ.

ಶ್ಯಾಮಲಮ್ಮ ಹಿಂದೆ ನಿಂತು ಅಡ್ಡಿಕೆ ಕಟ್ಟಿದಳು. ಅದು ಹಗುರವಾಗಿತ್ತು.

"ಪಿನ್ನಮ್ಮಾ, ಇದು ಕಳಶದ್ದು!" ಎಂದು ಆದಿಲಕ್ಷ್ಮಿ ಚಿಕ್ಕಮ್ಮನತ್ತ ತಿರುಗಿದಳು.

"ಮೆಲ್ಲಗೆ ಮಾತಾಡೇ. ಪೆಟ್ಟಿಗೆ ಬೀಗದ ಕೈ ಸಿಗ್ತಿಲ್ಲ. ಬೋಳು ಕತ್ತಲ್ಲಿ ಹೋಗಿ ಕೂತ್ರೆ ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕು? ಸೆರಗು ಹೊದ್ಕೊ. ಯಾರಿಗೂ ತಿಳಿಯೋಲ್ಲ."

ಅಪ್ಪನ ಮರ್ಯಾದೆ ಎಂಬ ಮಾತಿಗೆ ಅವಳು ಸೋತಳು.

"ಮುದ್ದೆ ಕಟ್ತೀಯೇನಮ್ಮ? ಗಂಟಿಲ್ದಂಗೆ?" ಎಂದು ನಡುಮನೆಯಲ್ಲಿ ತನ್ನೆದುರು ಬಂದು ಕೂತ ಹುಡುಗಿಯನ್ನು ದೊಡ್ಡಗಂಗಮ್ಮ ಕೇಳಿದಳು.

"ಗಂಟಿದ್ರೆ ಅಪ್ಪ ತಟ್ಟೆ ತಳ್ತಾರೆ."

ಮುದುಕಿ ಬಾಯ್ತುಂಬ ನಕ್ಕಳು. "ಹುಡುಗಿ ನಮಗೊಪ್ಪಿಗೆ. ಅರಿಶಿನ ತನ್ನಿ."

ತಾಯಿಯಿಲ್ಲದ ಹೆಣ್ಣನ್ನು ಒಪ್ಪಿದರೆ, ತಾಯಿಯ ಒಡವೆಗೆ ಕಲಸಿದ ಅರಿಶಿನ ಹಚ್ಚಿ ತೀರಿಕೊಂಡ ಆ ತಾಯಿಗೆ ಗೌರವ ಸಲ್ಲಿಸುವುದು ಮುಳಬಾಗಿಲಿನ ಆ ಮನೆತನದ ಪದ್ಧತಿ. ಆದಿಲಕ್ಷ್ಮಿಗೆ ಅದು ತಿಳಿದಿರಲಿಲ್ಲ. ಅರಿಶಿನವನ್ನು ನೀರುನೀರಾಗಿ ಕಲಸಿಟ್ಟುಕೊಂಡೇ ಕಾದಿದ್ದ ಶ್ಯಾಮಲಮ್ಮನಿಗೆ ತಿಳಿದಿತ್ತು.

ಒದ್ದೆ ಬೆರಳು ಹತ್ತಿರ ಬಂದಿತು. ಆದಿಲಕ್ಷ್ಮಿ ಹಿಂದೆ ಸರಿದಳು. "ನಾಚ್ಕೋಬೇಡ ಬಾರೇ," ಎಂದು ಮುದುಕಿ ಗುಂಡನ್ನು ಒತ್ತಿ ಹಿಡಿದಳು. ಬೇಗಡೆ ಜಾರಿತು. ಮತ್ತೊಮ್ಮೆ ಉಜ್ಜಿದಾಗ ಬೆರಳಿಗೆ ಹಿಟ್ಟು ಮೆತ್ತಿಕೊಂಡಿತು. ಅವಳು ಅದನ್ನು ನಾಲಿಗೆಗೆ ಮುಟ್ಟಿಸಿದಳು.

"ಉಪ್ಪು!"

ಶ್ಯಾಮಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ಬೆಳಿಗ್ಗೆ ಚಿನ್ನದ್ದು ನಿನ್ನ ಕೈಗೇ ಕೊಟ್ನಲ್ಲೇ! ಎಲ್ಲಿಟ್ಟೆ? ಯಾರಿಗೆ ಕೊಟ್ಟೆ ಕಳ್ಳಿ?"

ಆದಿಲಕ್ಷ್ಮಿ ತಂದೆಯತ್ತ ತಿರುಗಿದಳು. ಬೆಳಗಿನ ಪೂಜೆಯಾದ ಮೇಲೆ ಚಿನ್ನದ ಅಡ್ಡಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟವನು ಕೋದಂಡರಾಮಪ್ಪನೇ. ಅವನು ಒಂದು ಮಾತಾಡಿದ್ದರೆ ಸಾಕಿತ್ತು. ಅವನು ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತ ಕುಳಿತಿದ್ದ.

ದೊಡ್ಡಗಂಗಮ್ಮ ಅವನನ್ನು ನೋಡಿದಳು. ಶ್ಯಾಮಲಮ್ಮನ ಸೊಂಟದಲ್ಲಿ ತೂಗುತ್ತಿದ್ದ ಕೀಲಿಗೊಂಚಲನ್ನೂ ನೋಡಿದಳು.

"ಇದು ಹುಡುಗಿ ಕೆಲ್ಸ ಅಲ್ಲ. ಸಂಸಾರದಲ್ಲೇ ತಲೆ ನೆರೆಸ್ಕೊಂಡೋಳು ನಾನು, ಗೊತ್ತಾಗುತ್ತೆ."

ಆದಿಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಕೋದಂಡರಾಮಪ್ನೋರೇ, ಕಣ್ಮುಂದೆ ಮಗಳನ್ನ ಕಳ್ಳಿ ಅಂದ್ರೂ ನಿಮ್ಮ ಬಾಯಿ ಬಿಚ್ಲಿಲ್ಲ. ನಾಳೆ ನಮ್ಮನೇಲಿ ಒಂದು ಮಾತು ಬಂದ್ರೆ ನಾನು ಯಾರನ್ನ ಕರೆಸ್ಲಿ? ಇಂಥ ಬೀಗರು ಬೇಡಪ್ಪ ನಮಗೆ."

ಅವಳು ಚೊಂಬಿನ ನೀರಿನಲ್ಲಿ ಬೆರಳು ತೊಳೆದುಕೊಂಡು, ಎಲೆಯಡಿಕೆಯನ್ನೂ ಮುಟ್ಟದೆ ಸ್ಟೇಷನ್ನಿನ ದಾರಿ ಹಿಡಿದಳು.

ಆದಿಲಕ್ಷ್ಮಿ ಕೂತಲ್ಲಿಂದ ಏಳಲಿಲ್ಲ. "ಅಪ್ಪಾ, ಬೀಗ ಹಾಕಿದ್ದು ನೀವೇ ಅಲ್ವಾ?"

ಕೋದಂಡರಾಮಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ.

"ಹಬ್ಬದ ದಿನ ಜಗಳ ಬೇಡ," ಎಂದ. "ಹೋಗಮ್ಮ, ಕತ್ತು ತೊಳ್ಕೊ."